ಓದುಗರ ಪ್ರಶ್ನೆಗೆ ಉತ್ತರ: ಹಳೆಯ ಹೋಮ್ ಕಂಪ್ಯೂಟರಿಗೆ ಕರೆಂಟು ಕೊಡುವ ಮುನ್ನ

ಈ ಸಂಚಿಕೆಗೆ ಆಯ್ದುಕೊಂಡಿರುವ ನಾಲ್ಕು ಪತ್ರಗಳೂ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದಿವೆ. ನಾಲ್ಕೂ 1980ರ ದಶಕದ ಹೋಮ್ ಕಂಪ್ಯೂಟರುಗಳ ವಿದ್ಯುತ್ ತೊಂದರೆಯನ್ನೇ ಕುರಿತಿವೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅಲ್ಲಿ ಹೇಳಿರುವ ಪರೀಕ್ಷೆಗಳು ಉಳಿದ ಮೂವರಿಗೂ ಬೇಕಾಗುತ್ತವೆ.

ಪ್ರಶ್ನೆ: ನಾನು ಪ್ರೌಢಶಾಲೆಯ ನಿವೃತ್ತ ಗಣಿತ ಶಿಕ್ಷಕ. 1980ರ ದಶಕದ ಕೊನೆಯಲ್ಲಿ ನಮ್ಮ ಶಾಲೆಗೆ ಬಂದಿದ್ದ ಬಿಬಿಸಿ ಮೈಕ್ರೋ ಕಂಪ್ಯೂಟರು ಬಳಕೆ ತಪ್ಪಿದ ಮೇಲೆ ಹರಾಜಿನಲ್ಲಿ ನನ್ನ ಪಾಲಿಗೆ ಬಂತು. ಅದರ ಡಬ್ಬಿಯ ಮೇಲೆ ಇನ್ನೂ ‘ಗುಲಬರ್ಗಾ’ ಎಂದೇ ಬರೆದಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿತ್ತು. ಮೊಮ್ಮಕ್ಕಳಿಗೆ ತೋರಿಸಬೇಕೆಂದು ಕಳೆದ ತಿಂಗಳು ಧೂಳು ಒರೆಸಿ ಸ್ವಿಚ್ ಹಾಕಿದೆ. ‘ತೂ’ ಎಂಬ ಸದ್ದು ಬಂದದ್ದು ನಿಲ್ಲಲೇ ಇಲ್ಲ, ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಎಡಭಾಗದಲ್ಲಿ ಪಟ್ಟೆಂದು ಸಿಡಿದು ಬಿಳಿ ಹೊಗೆ ಎದ್ದಿತು, ಕೂಡಲೇ ಆರಿಸಿದೆ. ಆ ವಾಸನೆ ಎರಡು ದಿನ ಮನೆಯಿಂದ ಹೋಗಲಿಲ್ಲ. ರಿಪೇರಿ ಅಂಗಡಿಯವರು ಒಳಗಿನ ಪವರ್ ಸಪ್ಲೈ ತೆಗೆದು ಬಿಸಾಡಿ, ಈಗಿನ ಕಂಪ್ಯೂಟರಿನ ಎಸ್‌ಎಂಪಿಎಸ್ ಜೋಡಿಸಿಕೊಳ್ಳಿ ಎನ್ನುತ್ತಾರೆ. ಯಂತ್ರ ಉಳಿಯುತ್ತದೆಯೇ?
— ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಗುರುಗಳೇ, ಉಳಿಯುವ ಸಾಧ್ಯತೆಯೇ ಹೆಚ್ಚು. ದಯವಿಟ್ಟು ಏನನ್ನೂ ಬಿಸಾಡಬೇಡಿ. ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಈ ಯಂತ್ರವನ್ನೇ ಕೇಂದ್ರ ಸರ್ಕಾರವು 1984ರಲ್ಲಿ ಆರಂಭಿಸಿದ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಗೆ ಆರಿಸಿಕೊಂಡಿತ್ತು. ನಮ್ಮ ದೇಶದ ಎಷ್ಟೋ ಮಕ್ಕಳು ಮೊದಲ ಬಾರಿಗೆ ಬೆರಳಿಟ್ಟ ಕೀಲಿಮಣೆ ಇದೇ. ಅಂಥದ್ದೊಂದು ನಮ್ಮ ಊರಿನಲ್ಲಿ, ಅದನ್ನು ಬಳಸಿ ಕಲಿಸಿದವರ ಕೈಯಲ್ಲೇ ಉಳಿದಿದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟಿದೆ.

ತಮ್ಮ ಪತ್ರದಲ್ಲಿ ಎರಡು ದೋಷಗಳ ಲಕ್ಷಣಗಳಿವೆ. ಅವು ಒಂದೇ ದಿನ ಕಾಣಿಸಿಕೊಂಡದ್ದರಿಂದ ಒಂದೇ ದೋಷದಂತೆ ತೋರುತ್ತವೆ, ಆದರೆ ಬಿಡಿಬಿಡಿಯಾಗಿ ನೋಡಬೇಕು. ಸಿಡಿದು ಹೊಗೆ ಬಂದದ್ದು ಒಂದು. ಸದ್ದು ನಿಲ್ಲದೆ ಇದ್ದದ್ದು ಇನ್ನೊಂದು. ಸದ್ದು ಮೊದಲಿನಿಂದಲೂ ಇತ್ತು, ಹೊಗೆ ಆಮೇಲೆ ಬಂತು ಎಂದು ತಾವು ಕ್ರಮವಾಗಿ ಬರೆದಿರುವುದು ಬಹಳ ಉಪಕಾರವಾಯಿತು.

ಹೊಗೆಯ ಮೂಲವನ್ನು ನೋಡದೆಯೇ ಹೆಚ್ಚುಕಡಿಮೆ ಹೇಳಬಹುದು. ಈ ಯಂತ್ರದ ಪವರ್ ಸಪ್ಲೈ ಒಳಗೆ ಎಡಬದಿಯಲ್ಲಿ ಲೋಹದ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ. ಮನೆಯ ಕರೆಂಟು ಅದರೊಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಜೋಡಿಸಿರುವ, ಕರೆಂಟಿನ ಗದ್ದಲವನ್ನು ಸೋಸುವ ಎರಡು ಫಿಲ್ಟರ್ ಕೆಪಾಸಿಟರುಗಳು, ಒಂದು 0.1 ಮೈಕ್ರೋಫ್ಯಾರಡಿನದು, ಇನ್ನೊಂದು 0.01 ಮೈಕ್ರೋಫ್ಯಾರಡಿನದು. ಆ ಕಾಲದಲ್ಲಿ ಇವನ್ನು ಲೋಹ ಲೇಪಿಸಿದ ಕಾಗದದಿಂದ ಮಾಡಿ, ಮೇಲೆ ಜೇನುಬಣ್ಣದ ಪಾರದರ್ಶಕ ಎಪಾಕ್ಸಿ ಕವಚ ಹಾಕುತ್ತಿದ್ದರು. ವರ್ಷಗಳು ಕಳೆದಂತೆ ಆ ಕವಚವು ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರಿದಂತೆ ಬಿರಿಯುತ್ತದೆ. ಬಿರುಕಿನಿಂದ ಗಾಳಿಯ ತೇವ ಒಳಗಿನ ಕಾಗದಕ್ಕೆ ಇಳಿಯುತ್ತದೆ, ತೇವಗೊಂಡ ಕಾಗದದಲ್ಲಿ ಕರೆಂಟು ಸೋರಿ ಬಿಸಿಯೇರುತ್ತದೆ, ಕೊನೆಗೆ ಸಿಡಿಯುತ್ತದೆ. ತಗಡಿನ ಕೋಣೆಯಲ್ಲಿ ಬೇಸಿಗೆಯ ನಲವತ್ತು ಡಿಗ್ರಿ ಮೀರಿದ ಬಿಸಿಲನ್ನೂ ಮಳೆಗಾಲದ ಥಂಡಿಯನ್ನೂ ವರ್ಷವರ್ಷ ಉಂಡ ಕೆಪಾಸಿಟರು ಎರಡು ನಿಮಿಷ ತಾಳಿದ್ದೇ ಹೆಚ್ಚು. ಆದರೆ ಇದು ಬರೀ ಫಿಲ್ಟರು. ಯಂತ್ರ ನಡೆಯಲು ಇದು ಬೇಕೇ ಬೇಕೆಂದಿಲ್ಲ. ಇದು ಸುಟ್ಟ ಮೇಲೂ ಎಷ್ಟೋ ಕಂಪ್ಯೂಟರುಗಳು ಏನೂ ಆಗದವರಂತೆ ನಡೆಯುತ್ತಲೇ ಇರುತ್ತವೆ. ಆದ್ದರಿಂದ ಹೊಗೆ ಬಂತೆಂದು ಇಡೀ ಪವರ್ ಸಪ್ಲೈ ಸುಟ್ಟಿದೆ ಎಂದು ತೀರ್ಮಾನಿಸುವುದು ತಪ್ಪು.

ಪೆಟ್ಟಿಗೆಯನ್ನು ತೆರೆಯುವುದಕ್ಕೆ ಮೊದಲು ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪ್ಲಗ್ ಕಿತ್ತ ಮಾತ್ರಕ್ಕೆ ಒಳಗಿನದೆಲ್ಲ ನಿರಪಾಯವಾಗುವುದಿಲ್ಲ. ನಮ್ಮ 230 ವೋಲ್ಟಿನ ಕರೆಂಟು ಇಂಥ ಸ್ವಿಚ್-ಮೋಡ್ ಪವರ್ ಸಪ್ಲೈನೊಳಗೆ (ಎಸ್‌ಎಂಪಿಎಸ್ ಎಂಬುದು ಇದೇ ಹೆಸರಿನ ಗಿಡ್ಡ ರೂಪ) ಡಿಸಿಯಾಗಿ ಬದಲಾದಾಗ ಸುಮಾರು 325 ವೋಲ್ಟ್ ಆಗುತ್ತದೆ ಮತ್ತು ಅದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಂಡಿರುತ್ತದೆ. ದೋಷವಿರುವ ಪವರ್ ಸಪ್ಲೈನಲ್ಲಿ ಅದು ತಾನಾಗಿ ಇಳಿಯದೆ ಬಹಳ ಹೊತ್ತು ಕಾದಿರಬಹುದು. ಅದನ್ನು ಮೀಟರಿನಲ್ಲಿ ಅಳೆದು, 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿನ ಮೂಲಕ ನಿಧಾನವಾಗಿ ಇಳಿಸಿ, ಮತ್ತೆ ಅಳೆದು, ಸೊನ್ನೆಯ ಹತ್ತಿರ ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಬೆರಳು ಇಡಬೇಕು. ಸ್ಕ್ರೂಡ್ರೈವರ್ ಅಡ್ಡವಿಟ್ಟು ಕಿಡಿ ಹಾರಿಸುವ ರೂಢಿ ಕೆಲವರಲ್ಲಿದೆ. ಅದು ಕೈಗೂ ಯಂತ್ರಕ್ಕೂ ಕೇಡು. ತಮಗೆ ಈ ಕೆಲಸದ ಅಭ್ಯಾಸವಿಲ್ಲದಿದ್ದರೆ ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯೊಬ್ಬರನ್ನು ಕರೆಸಿ. ಕಂಪ್ಯೂಟರ್ ಅಂಗಡಿಯ ಹುಡುಗರಿಗಿಂತ ಅವರಿಗೆ ಈ ಜಾತಿಯ ಪವರ್ ಸಪ್ಲೈ ಚೆನ್ನಾಗಿ ಗೊತ್ತು.

ಸುಟ್ಟ ಕೆಪಾಸಿಟರಿನ ಜೊತೆಗೆ ಸುಡದೆ ಉಳಿದ ಅದರ ಜೋಡಿಯನ್ನೂ ಬದಲಿಸಿ. ಹೊಸದರ ಮೈಮೇಲೆ ‘ಎಕ್ಸ್2’ ಎಂದೂ 275 ವೋಲ್ಟ್ ಎಸಿ ಎಂದೂ ಅಚ್ಚಾಗಿರಬೇಕು. ನಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆಯ ಸುತ್ತ ಕೇಳಿದಾಗ ಸಿಗದಿದ್ದರೆ ಹೈದರಾಬಾದಿನ ಕೋಠಿಯಲ್ಲಿ ಖಂಡಿತ ಸಿಗುತ್ತದೆ; ಬೆಲೆ ಅಲ್ಪ. 630 ವೋಲ್ಟ್ ಎಂದು ಬರೆದ ಸಾಮಾನ್ಯ ಪಾಲಿಯೆಸ್ಟರ್ ಕೆಪಾಸಿಟರನ್ನು ತೋರಿಸಿ, ‘ಇದರಲ್ಲಿ ವೋಲ್ಟೇಜ್ ಇನ್ನೂ ಹೆಚ್ಚಿದೆ, ನಡೆಯುತ್ತದೆ’ ಎಂದು ಅಂಗಡಿಯವರು ಹೇಳಬಹುದು. ಒಪ್ಪಬೇಡಿ. ಮನೆಯ ಕರೆಂಟಿನಲ್ಲಿ ಆಗಾಗ ಬಂದೆರಗುವ ಹೊಡೆತವನ್ನು ತಾಳಿಕೊಂಡು, ತಾಳದಿದ್ದರೂ ಬೆಂಕಿ ಹಿಡಿಯದಂತೆ ಮಾಡಿರುವುದು ಎಕ್ಸ್2 ಮಾತ್ರ.

ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಸಣ್ಣ ಕೆಪಾಸಿಟರ್ ಇದೆ: 220 ಮೈಕ್ರೋಫ್ಯಾರಡ್, 10 ವೋಲ್ಟಿನ ಎಲೆಕ್ಟ್ರೊಲೈಟಿಕ್. ಈ ಯಂತ್ರಗಳ ಸ್ವಿಚ್-ಮೋಡ್ ಪವರ್ ಸಪ್ಲೈ ಎದ್ದು ನಿಲ್ಲದಿರುವುದಕ್ಕೆ, ಅಥವಾ ಕಿರ್ರೆಂದು ಅರಚಿ ಸುಮ್ಮನಾಗುವುದಕ್ಕೆ ಪದೇ ಪದೇ ಕಾರಣವಾಗುವುದು ಇದೇ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನೊಳಗೆ ದ್ರವವಿರುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ನಮ್ಮ ಕಡೆಯ ಬೇಸಿಗೆಯಲ್ಲಿ ಕಾದ ತಗಡಿನ ಕೆಳಗೆ ಅದು ಎಷ್ಟು ಬೇಗ ಒಣಗಿರಬಹುದೆಂಬುದನ್ನು ಗಣಿತದ ಶಿಕ್ಷಕರಿಗೆ ನಾನು ಹೇಳಬೇಕಾಗಿಲ್ಲ. 105 ಡಿಗ್ರಿ ಎಂದು ಬರೆದಿರುವ ಹೊಸದನ್ನು, ಧನ ಮತ್ತು ಋಣದ ತುದಿಗಳನ್ನು ಎರಡು ಸಲ ನೋಡಿಕೊಂಡು ಬೆಸುಗೆ ಹಾಕಿಸಿ.

ಇಷ್ಟಾದ ಮೇಲೆ ಪವರ್ ಸಪ್ಲೈಯನ್ನು ಕಂಪ್ಯೂಟರಿಗೆ ಜೋಡಿಸದೆ ಒಂಟಿಯಾಗಿ ಪರೀಕ್ಷಿಸಬೇಕು. ಆದರೆ ಸ್ವಿಚ್-ಮೋಡ್ ಪವರ್ ಸಪ್ಲೈಗೆ ಎಳೆಯುವವರಿಲ್ಲದಿದ್ದರೆ ಅದು ಸರಿಯಾಗಿ ನಡೆಯದು. 5 ವೋಲ್ಟಿನ ಕೆಂಪು ತಂತಿಗೂ ಸೊನ್ನೆ ವೋಲ್ಟಿನ ಕಪ್ಪು ತಂತಿಗೂ ನಡುವೆ 4.7 ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಜೋಡಿಸಿದರೆ ಒಂದು ಆಂಪಿಯರಿಗಿಂತ ತುಸು ಹೆಚ್ಚು ಹರಿಯುತ್ತದೆ. ಅದು ಕೈಸುಡುವಷ್ಟು ಕಾಯುತ್ತದೆ, ಹಂಚಿನ ತುಂಡಿನ ಮೇಲಿಡಿ. ಕರೆಂಟನ್ನು ನೇರವಾಗಿ ಕೊಡದೆ ಸೀರೀಸ್ ಬಲ್ಬಿನ ಮೂಲಕ ಕೊಡಿ. ಮೋಟಾರು, ಮಿಕ್ಸರ್ ರಿಪೇರಿಯವರ ಗೋಡೆಯ ಮೇಲೆ ಹಲಗೆಗೆ ಹೋಲ್ಡರು ಬಡಿದು ಒಂದು ಬಲ್ಬು ತೂಗುಹಾಕಿರುವುದನ್ನು ತಾವು ಕಂಡಿರುತ್ತೀರಿ, ಅದೇ ಇದು. 100 ವ್ಯಾಟಿನ ತಂತಿಯ ಬಲ್ಬೇ ಆಗಬೇಕು, ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಸ್ವಿಚ್ ಹಾಕಿದಾಗ ಬಲ್ಬು ಒಮ್ಮೆ ಝಗ್ಗೆಂದು ಹೊತ್ತಿ ಕೂಡಲೇ ಮಂಕಾದರೆ ಶುಭ. ಪೂರ್ಣ ಬೆಳಕಿನಿಂದ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆರಿಸಿಬಿಡಿ. ಮಿಣಕ್ ಮಿಣಕ್ ಎಂದು ಹೊತ್ತಿ ಆರುತ್ತಿದ್ದರೆ ಪವರ್ ಸಪ್ಲೈ ಏಳಲು ಹೋಗಿ ಮತ್ತೆ ಮತ್ತೆ ಬೀಳುತ್ತಿದೆ ಎಂದರ್ಥ.

ಬಲ್ಬಿನ ಪರೀಕ್ಷೆ ದಾಟಿದ ಮೇಲೆ ನೇರ ಕರೆಂಟಿನಲ್ಲಿ ಅಳೆಯಿರಿ. ಕೆಂಪು ತಂತಿಗಳಲ್ಲಿ 4.75ರಿಂದ 5.25 ವೋಲ್ಟಿನೊಳಗೆ ಇರಬೇಕು, ನೇರಳೆ ತಂತಿಯಲ್ಲಿ ಋಣ 5 ವೋಲ್ಟ್ ಇರಬೇಕು. ಮೀಟರ್ 5 ತೋರಿಸಿದ ಕೂಡಲೇ ಸರಿಯಾಯಿತೆಂದುಕೊಳ್ಳಬಾರದು. ಮೀಟರ್ ಹೇಳುವುದು ಸರಾಸರಿಯನ್ನು. ಒಣಗಿದ ಕೆಪಾಸಿಟರಿನಿಂದಾಗಿ ಆ 5 ವೋಲ್ಟು ಕುಲುಕಾಡುತ್ತಿದ್ದರೂ ಸರಾಸರಿ 5 ಇರಬಹುದು. ಮೀಟರನ್ನು ಎಸಿ ರೇಂಜಿಗೆ ತಿರುಗಿಸಿ, ಕೆಂಪು ಕಡ್ಡಿಗೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಸರಣಿಯಲ್ಲಿ ಸೇರಿಸಿ ಮತ್ತೆ ಅಳೆಯಿರಿ. ಅಗ್ಗದ ಮೀಟರುಗಳು ಎಸಿ ರೇಂಜಿನಲ್ಲೂ ಡಿಸಿಯನ್ನು ಎಣಿಸಿಕೊಂಡು ದಾರಿ ತಪ್ಪಿಸುತ್ತವೆ. ಆ ಕೆಪಾಸಿಟರ್ ಅದನ್ನು ತಡೆಯುತ್ತದೆ. ಕೆಲವೇ ಹತ್ತು ಮಿಲಿವೋಲ್ಟ್ ಬಂದರೆ ನೆಮ್ಮದಿ. ನೂರಾರು ಮಿಲಿವೋಲ್ಟ್ ಬಂದರೆ ಔಟ್‌ಪುಟ್ ಕಡೆಯ ಎಲೆಕ್ಟ್ರೊಲೈಟಿಕ್‌ಗಳನ್ನೂ ಬದಲಿಸಬೇಕು.

ಇನ್ನು ನಿಲ್ಲದ ಸದ್ದಿನ ವಿಚಾರ. ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ ಎದ್ದಾಗ ಒಂದು ದಪ್ಪ ಸ್ವರ, ಅದರ ಬೆನ್ನಿಗೆ ಒಂದು ಚಿಕ್ಕ ತೆಳು ಸ್ವರ, ಹೀಗೆ ಎರಡು ಬರುತ್ತವೆ. ತರಗತಿಯಲ್ಲಿ ಕೇಳಿದ್ದು ತಮ್ಮ ಕಿವಿಯಲ್ಲಿ ಇನ್ನೂ ಇರಬಹುದು. ಮೊದಲನೆಯದು ಸದ್ದಿನ ಚಿಪ್ಪು ಕರೆಂಟು ಬಂದೊಡನೆ ತಾನಾಗಿ ಹೊರಡಿಸುವುದು. 6502 ಪ್ರೊಸೆಸರು ಎಚ್ಚೆತ್ತು ತನ್ನ ಪ್ರೋಗ್ರಾಮನ್ನು ಓದತೊಡಗಿದ ಮೇಲೆಯೇ ಅದನ್ನು ನಿಲ್ಲಿಸಿ ಎರಡನೆಯದನ್ನು ನುಡಿಸುತ್ತದೆ. ಆದ್ದರಿಂದ ಮೊದಲ ಸ್ವರ ನಿಲ್ಲದಿದ್ದರೆ ಪ್ರೊಸೆಸರು ಎದ್ದಿಲ್ಲ ಎಂದು ತಿಳಿಯಬೇಕು. ಸದ್ದಾದರೂ ಬಂದಿದೆ ಎಂದರೆ ಕರೆಂಟು ಬೋರ್ಡಿಗೆ ತಲುಪಿದೆ, ಆದರೆ ಸಾಲುವಷ್ಟು ತಲುಪಿದೆಯೇ ಎಂಬುದು ಗೊತ್ತಾಗಿಲ್ಲ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಪವರ್ ಸಪ್ಲೈನ ಬಾಯಲ್ಲಿ 5.1 ವೋಲ್ಟ್ ಇದ್ದುದನ್ನು ನೋಡಿ, ಪವರ್ ಸರಿಯಿದೆ ಎಂದುಕೊಂಡು ಚಿಪ್ಪುಗಳನ್ನು ಕೀಳಲು ಹೊರಡುತ್ತಾರೆ. ಅಳೆಯಬೇಕಾದ್ದು ಕರೆಂಟು ಹೊರಡುವಲ್ಲಿ ಅಲ್ಲ, ತಲುಪುವಲ್ಲಿ. ಈ ಯಂತ್ರದಲ್ಲಿ ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ ತಂತಿ ಚಪ್ಪಟೆ ಲೋಹದ ನಾಲಗೆಗಳ ಮೂಲಕ ಬೋರ್ಡನ್ನು ಸೇರುತ್ತವೆ. ನಾಲಗೆ ಮಂಕಾಗಿ ಹಿಡಿತ ಸಡಿಲವಾಗಿ ಅಲ್ಲಿ 0.3 ಓಮ್ ತಡೆ ಹುಟ್ಟಿದರೂ ಸಾಕು, ಒಂದು ಆಂಪಿಯರ್ ಹರಿಯುವಾಗ 0.3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ; ಹೊರಟ 5 ವೋಲ್ಟ್ 4.7 ಆಗಿ ತಲುಪುತ್ತದೆ, ಪ್ರೊಸೆಸರು ಏಳುವುದಿಲ್ಲ. ಪ್ರೊಸೆಸರಿನ 8ನೆಯ ಪಿನ್ನಿಗೂ 1ನೆಯ ಪಿನ್ನಿಗೂ ನಡುವೆ ಮೀಟರಿಟ್ಟು ನೋಡಿ. ಅಲ್ಲಿ ಕಡಿಮೆಯಿದ್ದು ಪವರ್ ಸಪ್ಲೈನಲ್ಲಿ ಸರಿಯಿದ್ದರೆ ದೋಷ ಈ ನಾಲಗೆಗಳಲ್ಲಿದೆ. ಒಂದೊಂದನ್ನೇ ಕಳಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಇಕ್ಕಳದಿಂದ ತುಸುವೇ ಒತ್ತಿ ಬಿಗಿಮಾಡಿ ಮತ್ತೆ ಸಿಕ್ಕಿಸಿ. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಕೆಂಪು ಕಪ್ಪು ಅದಲುಬದಲಾದರೆ ಒಂದೇ ಕ್ಷಣದಲ್ಲಿ ಎಲ್ಲ ಚಿಪ್ಪುಗಳೂ ಹೋಗುತ್ತವೆ.

ಅಲ್ಲಿಯೂ 5 ವೋಲ್ಟ್ ಸರಿಯಾಗಿದ್ದು ಸದ್ದು ನಿಲ್ಲದಿದ್ದರೆ 40ನೆಯ ಪಿನ್ ನೋಡಿ. ಅದು ರೀಸೆಟ್ ಪಿನ್, ಸ್ವಿಚ್ ಹಾಕಿದ ಗಳಿಗೆಯಲ್ಲಿ ಸೊನ್ನೆಯಲ್ಲಿದ್ದು ಆಮೇಲೆ ಮೇಲೇರಿ ನಿಲ್ಲಬೇಕು. ಏರದಿದ್ದರೆ ರೀಸೆಟ್ ಕೊಡುವ 555 ಚಿಪ್ಪಿನ ಸುತ್ತಮುತ್ತ ಹುಡುಕಬೇಕು. ಏರಿದ್ದರೆ ಸಾಕೆಟ್ಟಿನಲ್ಲಿ ಕುಳಿತಿರುವ ರಾಮ್, ರೋಮ್ ಮತ್ತು ದೊಡ್ಡ ಚಿಪ್ಪುಗಳನ್ನು ಕರೆಂಟು ತೆಗೆದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಬಿಸಿಲು ಥಂಡಿಗೆ ಹಿಗ್ಗಿ ಕುಗ್ಗಿ ಅವು ವರ್ಷಕ್ಕಿಷ್ಟು ಮೇಲೆದ್ದಿರುತ್ತವೆ.

ಹೊಸ ಎಸ್‌ಎಂಪಿಎಸ್ ಹಾಕಬಾರದೆಂದಲ್ಲ. ಹಳೆಯದರ ಒಳಗಿನ ಟ್ರಾನ್ಸ್‌ಫಾರ್ಮರೇ ಸುಟ್ಟಿದ್ದರೆ ಹಾಕಲೇಬೇಕಾದೀತು. ಆದರೆ ಎರಡು ಮೂರು ಕೆಪಾಸಿಟರ್ ಬದಲಿಸಿ ನೋಡದೆ ಮೂಲ ಪವರ್ ಸಪ್ಲೈಯನ್ನು ಗುಜರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹತ್ತಾರು ವರ್ಷಗಳ ಹಿಂದೆ ನಾನೂ ಇಂಥದೇ ಯಂತ್ರವೊಂದನ್ನು ‘ನಡೆಯುತ್ತದೆಯೋ ನೋಡೋಣ’ ಎಂದು ತೆರೆದು ನೋಡದೆ ನೇರ ಸ್ವಿಚ್ ಹಾಕಿದ್ದೆ. ಹೊಗೆ ಎದ್ದು ನಿಂತ ಆ ಗಳಿಗೆಯ ಸಂಕಟ ಇಂದಿಗೂ ಮರೆತಿಲ್ಲ. ಅಂದಿನಿಂದ ವರ್ಷಗಟ್ಟಲೆ ಸುಮ್ಮನಿದ್ದ ಯಾವ ಯಂತ್ರಕ್ಕೂ ಒಳಗೆ ನೋಡದೆ ಕರೆಂಟು ಕೊಟ್ಟಿಲ್ಲ.

ಪ್ರಶ್ನೆ: ನನ್ನ ಸೋದರಮಾವನವರು 1990ರ ಸುಮಾರಿಗೆ ಕೊಂಡ ಸ್ಪೆಕ್ಟ್ರಮ್ ಕಂಪ್ಯೂಟರ್ ನನಗೆ ಕೊಟ್ಟಿದ್ದಾರೆ. ಮೂರು ವಾರ ಚೆನ್ನಾಗಿ ನಡೆಯಿತು. ಒಂದು ದಿನ ಅದು ಚಾಲೂ ಇರುವಾಗಲೇ ಹಿಂಬದಿಯ ಕನೆಕ್ಟರ್ ಸಾಲಿಗೆ ಜಾಯ್‌ಸ್ಟಿಕ್ ಇಂಟರ್‌ಫೇಸ್ ಸಿಕ್ಕಿಸಿದೆ. ಅಂದಿನಿಂದ ಪರದೆಯ ಮೇಲೆ ಬರೀ ಉದ್ದುದ್ದ ಗೆರೆಗಳು ಬರುತ್ತಿವೆ. ಅಡಾಪ್ಟರ್ ಹಾಳಾಗಿರಬೇಕೆಂದು ಮಾರ್ಕೆಟಿನಿಂದ 9 ವೋಲ್ಟಿನ ಹೊಸದನ್ನು ತಂದಿಟ್ಟುಕೊಂಡಿದ್ದೇನೆ, ಇನ್ನೂ ಚುಚ್ಚಿಲ್ಲ. ಹಳೆಯ ಅಡಾಪ್ಟರನ್ನು ಮೀಟರಿನಲ್ಲಿ ಅಳೆದರೆ 13 ವೋಲ್ಟ್ ತೋರಿಸುತ್ತಿದೆ. ಹೊಸದನ್ನು ಹಾಕಲೇ?
— ಡಿಪ್ಲೊಮಾ ವಿದ್ಯಾರ್ಥಿನಿ, ಬೀದರ್

ಉತ್ತರ: ಹಾಕಬೇಡಮ್ಮ. ಚುಚ್ಚುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಈಗ ಮಾರ್ಕೆಟಿನಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಹೆಚ್ಚಿನವುಗಳ ಪಿನ್ನಿನ ಒಳಭಾಗ ಧನ, ಹೊರಭಾಗ ಋಣ. 1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್‌ಗೂ, ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ನಮ್ಮ ದೇಶದಲ್ಲಿ ಮಾರಿದ ಸ್ಪೆಕ್ಟ್ರಮ್ ಪ್ಲಸ್‌ಗೂ ಇದು ತಿರುಗುಮುರುಗು: ಒಳಗೆ ಋಣ, ಹೊರಗೆ ಧನ. ಪಿನ್ನು ಅಳತೆಯಲ್ಲಿ ಹೊಂದುತ್ತದೆ, ವೋಲ್ಟೇಜೂ ಹೊಂದುತ್ತದೆ, ಆದರೆ ದಿಕ್ಕು ಹೊಂದುವುದಿಲ್ಲ. ಹೊಸ ಅಡಾಪ್ಟರಿನ ಮೈಮೇಲೆ ಎರಡು ಸಣ್ಣ ವೃತ್ತಗಳ ನಡುವೆ ಒಂದು ಬಿಂದುವಿನ ಚಿತ್ರ ಇರುತ್ತದೆ. ನಡುವಿನ ಬಿಂದು ಋಣ ಚಿಹ್ನೆಗೆ ಸೇರಿದ್ದರೆ ಮಾತ್ರ ಅದು ನಿಮ್ಮ ಯಂತ್ರಕ್ಕೆ ಆಗುತ್ತದೆ. ಚಿತ್ರವನ್ನೂ ನಂಬದೆ ಮೀಟರಿನಿಂದ ಖಾತ್ರಿ ಮಾಡಿಕೊಳ್ಳಿ.

ಹಳೆಯ ಅಡಾಪ್ಟರ್ 13 ವೋಲ್ಟ್ ತೋರಿಸುವುದು ದೋಷವಲ್ಲ. ಅದರಲ್ಲಿ ವೋಲ್ಟೇಜನ್ನು ಹಿಡಿದಿಡುವ ಏರ್ಪಾಡು ಇಲ್ಲ, 1.4 ಆಂಪಿಯರ್ ಎಳೆದಾಗ 9 ವೋಲ್ಟಿಗೆ ಇಳಿಯುತ್ತದೆ, ಯಾರೂ ಎಳೆಯದಿದ್ದಾಗ 12, 13, 14ರವರೆಗೂ ಏರಿ ನಿಲ್ಲುತ್ತದೆ.

ನಿಮ್ಮ ತೊಂದರೆ ಅಡಾಪ್ಟರಿನಲ್ಲಿಲ್ಲ, ಯಂತ್ರದ ಒಳಗಿದೆ. 48ಕೆ ಸ್ಪೆಕ್ಟ್ರಮ್‌ನಲ್ಲಿ ಮೊದಲ 16ಕೆ ನೆನಪನ್ನು 4116 ಎಂಬ ಎಂಟು ಚಿಪ್ಪುಗಳು ಹೊತ್ತಿವೆ. ಇವುಗಳಿಗೆ 5 ವೋಲ್ಟ್ ಸಾಲದು, 12 ವೋಲ್ಟೂ ಬೇಕು, ಋಣ 5 ವೋಲ್ಟೂ ಬೇಕು. ಈ ಎರಡನ್ನು ಬೋರ್ಡಿನ ಮೇಲಿರುವ ಒಂದು ಸಣ್ಣ ಕಾಯಿಲ್ಲು ಮತ್ತು ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರುಗಳು ಸೇರಿ ತಯಾರಿಸುತ್ತವೆ. ಕರೆಂಟು ಇರುವಾಗ ಹಿಂಬದಿಯ ಸಾಲಿಗೆ ಏನಾದರೂ ಸಿಕ್ಕಿಸಿದರೆ ಅದು ಕೊಂಚ ಓರೆಯಾಗಿ ಇಳಿದು ಪಕ್ಕಪಕ್ಕದ ಪಟ್ಟಿಗಳನ್ನು ಒಂದು ಕ್ಷಣ ಕೂಡಿಸಿಬಿಡುತ್ತದೆ, ಆ ಕ್ಷಣದಲ್ಲಿ ಟಿಆರ್4 ಹೋಗುತ್ತದೆ. ಈ ಯಂತ್ರದಲ್ಲಿ ಇದು ಎಲ್ಲಕ್ಕಿಂತ ಸಾಮಾನ್ಯವಾದ ಅಪಘಾತ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಯಾವುದಾದರೂ ಒಂದು 4116 ಚಿಪ್ಪಿನ 16ನೆಯ ಪಿನ್ನಿಗೆ ಮೀಟರಿನ ಕಪ್ಪು ಕಡ್ಡಿ ಹಿಡಿದು, ಕೆಂಪು ಕಡ್ಡಿಯನ್ನು ಕ್ರಮವಾಗಿ 1, 8 ಮತ್ತು 9ನೆಯ ಪಿನ್ನುಗಳಿಗೆ ತಾಗಿಸಿ. ಋಣ 5, 12 ಮತ್ತು 5 ವೋಲ್ಟ್ ಕಾಣಬೇಕು. ಕಡ್ಡಿ ಜಾರಿ ಎರಡು ಪಿನ್ನುಗಳನ್ನು ಒಟ್ಟಿಗೆ ಮುಟ್ಟದಂತೆ ಉಸಿರು ಬಿಗಿಹಿಡಿದು ಮಾಡುವ ಕೆಲಸ ಇದು. 9ನೆಯದರಲ್ಲಿ 5 ಇದ್ದು ಉಳಿದ ಎರಡು ಇಲ್ಲದಿದ್ದರೆ ನನ್ನ ಊಹೆ ಸರಿ. ಅಳೆದ ಕೂಡಲೇ ಕರೆಂಟು ತೆಗೆಯಿರಿ, ಏಕೆಂದರೆ ಋಣ 5 ವೋಲ್ಟ್ ಇಲ್ಲದೆ 12 ವೋಲ್ಟ್ ಬಂದರೆ 4116 ಚಿಪ್ಪುಗಳು ಸಾಯುತ್ತವೆ. ಟಿಆರ್4 ಜಾಗಕ್ಕೆ ಝಡ್‌ಟಿಎಕ್ಸ್650 ಅಥವಾ 651, ಟಿಆರ್5 ಜಾಗಕ್ಕೆ ಝಡ್‌ಟಿಎಕ್ಸ್213 ಹಾಕಿ. ಒಂದೇ ಹೋಗಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ. ಪಕ್ಕದ ಕಾಯಿಲ್ಲಿನ ತಂತಿಯ ಮೆರುಗು ಸುಟ್ಟು ಕಪ್ಪಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಕಪ್ಪಾಗಿದ್ದರೆ ಸುತ್ತುಗಳು ಒಂದಕ್ಕೊಂದು ತಾಗಿ ಹೊಸ ಟ್ರಾನ್ಸಿಸ್ಟರೂ ಅದೇ ಹಾದಿ ಹಿಡಿಯುತ್ತದೆ. ಈ ಯಂತ್ರಕ್ಕೆ ತನ್ನದೇ ಸ್ವಿಚ್ ಇಲ್ಲ. ಮುಂದೆ ಏನನ್ನೇ ಸಿಕ್ಕಿಸುವುದಿದ್ದರೂ ಗೋಡೆಯ ಸ್ವಿಚ್ಚನ್ನು ಆರಿಸಿ, ಅಡಾಪ್ಟರಿನ ಪಿನ್ನನ್ನೂ ಕಿತ್ತು, ಆಮೇಲೆ ಸಿಕ್ಕಿಸಿ.

ಪ್ರಶ್ನೆ: ನನ್ನ ಸ್ಪೆಕ್ಟ್ರಮ್ ಬೆಳಿಗ್ಗೆ ಚೆನ್ನಾಗಿ ನಡೆಯುತ್ತದೆ. ಹೊಲಗಳ ಪಂಪ್‌ಸೆಟ್ಟುಗಳು ಚಾಲೂ ಆಗುವ ಹೊತ್ತಿಗೆ ಪರದೆಯ ಮೇಲೆ ಅಡ್ಡ ಪಟ್ಟಿಗಳು ತೇಲಿ, ಒಮ್ಮೊಮ್ಮೆ ತಾನಾಗಿ ಅಳಿಸಿಹೋಗಿ ಮೊದಲಿನಿಂದ ಆರಂಭವಾಗುತ್ತದೆ. ಬರೆದ ಪ್ರೋಗ್ರಾಮೆಲ್ಲ ಹೋಗುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿ 180 ವೋಲ್ಟ್ ಇರುತ್ತದೆ.
— ಓದುಗರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಕಂಪ್ಯೂಟರಿನಲ್ಲಿ ದೋಷವಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದಂತೆ ಆ ಅಡಾಪ್ಟರಿಗೆ ವೋಲ್ಟೇಜನ್ನು ಹಿಡಿದಿಡುವ ಶಕ್ತಿಯಿಲ್ಲ. ಒಳಗೆ ಬಂದದ್ದು ಇಳಿದರೆ ಹೊರಗೆ ಹೋಗುವುದೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬ್ರಿಟನ್ನಿನ ಅಡಾಪ್ಟರನ್ನು 240 ವೋಲ್ಟಿಗೆ ಮಾಡಿದ್ದಾರೆ. 180 ಎಂದರೆ ಅದರ ಮುಕ್ಕಾಲು ಪಾಲು, ಆದ್ದರಿಂದ 9 ವೋಲ್ಟಿನ ಜಾಗದಲ್ಲಿ 6.75 ಬರುತ್ತದೆ. ಒಳಗಿರುವ 7805 ರೆಗ್ಯುಲೇಟರು 5 ವೋಲ್ಟ್ ಕೊಡಬೇಕಾದರೆ ತನಗೆ ಎರಡು ವೋಲ್ಟ್ ಇಟ್ಟುಕೊಳ್ಳುತ್ತದೆ, ಅಂದರೆ ಅದಕ್ಕೆ ಕನಿಷ್ಠ 7 ಬೇಕು. ಅಡಾಪ್ಟರಿನಿಂದ ಬರುವ ಡಿಸಿ ನುಣುಪಾಗಿರುವುದಿಲ್ಲ, ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಪ್ರತಿ ಇಳಿತದಲ್ಲೂ 5 ವೋಲ್ಟಿನಲ್ಲಿ ಒಂದು ಕುಳಿ ಬೀಳುತ್ತದೆ. ನಿಮಗೆ ಕಾಣುವ ಅಡ್ಡ ಪಟ್ಟಿಗಳು ಆ ಕುಳಿಗಳೇ. ಕುಳಿ ಆಳವಾದಾಗ ಯಂತ್ರ ನೆನಪು ಕಳೆದುಕೊಳ್ಳುತ್ತದೆ.

ಸ್ಟೆಬಿಲೈಸರ್ ಇಟ್ಟರೆ ಪರಿಹಾರವಾಗುತ್ತದೆ, ಆದರೆ ರಿಲೇ ಬದಲಾಗುವಾಗ ಟಕ್ಕೆಂದು ಕಡಿಯುವ ಅಗ್ಗದ ಸ್ಟೆಬಿಲೈಸರು ಅದೇ ಗಳಿಗೆಯಲ್ಲಿ ಪ್ರೋಗ್ರಾಮನ್ನು ಅಳಿಸೀತು. ಅದಕ್ಕಿಂತ ಕಡಿಮೆ ಖರ್ಚಿನಲ್ಲಿ, ಮೈಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುವ 9 ವೋಲ್ಟ್, 2 ಆಂಪಿಯರಿನ ಸ್ವಿಚ್-ಮೋಡ್ ಅಡಾಪ್ಟರ್ ಕೊಳ್ಳಿ. ಹೊರಗೆ 180 ಇದ್ದರೂ 140 ಇದ್ದರೂ ಅದು 9 ವೋಲ್ಟನ್ನೇ ಕೊಡುತ್ತದೆ. ಒಳಗೆ ಋಣ, ಹೊರಗೆ ಧನ ಇರುವ ಪಿನ್ನು ಅದರಲ್ಲಿ ಇರದಿದ್ದರೆ ತಂತಿ ಕತ್ತರಿಸಿ ಅದಲುಬದಲು ಮಾಡಿ ಬೆಸುಗೆ ಹಾಕಿಸಿ, ಅಳೆದು ನೋಡಿ, ಗುರುತಿಗೆ ಅದರ ಕುತ್ತಿಗೆಗೆ ಕೆಂಪು ಟೇಪು ಸುತ್ತಿ. ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ನಡೆಸುವುದಿದ್ದರೂ ಇದೇ ಒಳ್ಳೆಯದು; ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಗುಂಯ್‌ಗುಟ್ಟುತ್ತಾ ವಿಪರೀತ ಕಾಯುತ್ತದೆ.

ಪ್ರಶ್ನೆ: ಮಗ ತಂದಿಟ್ಟುಕೊಂಡಿರುವ ಹಳೆಯ ಕಂಪ್ಯೂಟರು ಮತ್ತು ಮಾನಿಟರಿನ ಹಿಂದಿನ ಲೋಹದ ಭಾಗ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಆಗುವುದಿಲ್ಲ. ಬೇಸಿಗೆಯಲ್ಲಿ ಹೆಚ್ಚು. ಅಪಾಯವೇ?
— ಗೃಹಿಣಿ, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಹೌದು ತಾಯಿ, ಅಲಕ್ಷ್ಯ ಮಾಡುವಂಥದ್ದಲ್ಲ. ಸರಿಯಾಗುವವರೆಗೆ ಅದನ್ನು ಬಳಸುವುದು ಬೇಡ. ಇಂಥ ಯಂತ್ರಗಳ ಪವರ್ ಸಪ್ಲೈನಲ್ಲಿ ಫೇಸಿನಿಂದ ಅರ್ಥಿಗೆ (ನೆಲಕ್ಕೆ ಇಳಿಯುವ ತಂತಿಗೆ) ಒಂದು, ನ್ಯೂಟ್ರಲಿನಿಂದ ಅರ್ಥಿಗೆ ಒಂದು ಸಣ್ಣ ಕೆಪಾಸಿಟರ್ ಇರುವುದುಂಟು. ಅರ್ಥಿಂಗ್ ಸರಿಯಿದ್ದರೆ ಅವುಗಳ ಮೂಲಕ ಸೋರುವ ಅಲ್ಪ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಯಂತ್ರದ ಲೋಹದ ಮೈಯೆಲ್ಲ ಮನೆಯ ಕರೆಂಟಿನ ಸುಮಾರು ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮೂರಿನ ಕಲ್ಲನ್ನೇ ಹಾಸಿದ ನೆಲದ ಮೇಲೆ, ಅದೂ ಆಗತಾನೆ ಒರೆಸಿದ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಿದರೆ ಆ ಕರೆಂಟು ನಿಮ್ಮ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಈಗ ಆಗುತ್ತಿರುವುದು ಬರೀ ಜುಮ್ಮೆನ್ನುವಿಕೆಯಾದರೂ, ಆ ಕೆಪಾಸಿಟರುಗಳಲ್ಲಿ ಒಂದು ಕೆಟ್ಟರೆ ಪೂರ್ತಿ ಕರೆಂಟೇ ಬಂದೀತು.

ಬೇಸಿಗೆಯಲ್ಲಿ ಹೆಚ್ಚಾಗುವುದಕ್ಕೆ ಅಂಗಳದ ಅರ್ಥ್ ಗುಂಡಿ ಒಣಗಿರುವುದು ಕಾರಣವಿರಬಹುದು. ಎರೆಮಣ್ಣು ಒಣಗಿದರೆ ಬಿರಿದು ಅರ್ಥ್ ಕೊಳವೆಯಿಂದ ದೂರ ಸರಿಯುತ್ತದೆ, ಆಗ ಕರೆಂಟಿಗೆ ನೆಲ ಸಿಕ್ಕುವುದಿಲ್ಲ. ಇದ್ದಿಲು ಉಪ್ಪು ತುಂಬಿದ ಆ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕೆಂಬುದನ್ನು ಬಹಳ ಮನೆಗಳಲ್ಲಿ ಮರೆತಿದ್ದಾರೆ. ಮೊದಲು ಒಬ್ಬ ನುರಿತ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಆ ಸಾಕೆಟ್ಟಿನಲ್ಲಿ ಫೇಸಿನಿಂದ ನ್ಯೂಟ್ರಲಿಗೂ ಫೇಸಿನಿಂದ ಅರ್ಥಿಗೂ ಅಳೆಯಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು, ನ್ಯೂಟ್ರಲ್ ಮತ್ತು ಅರ್ಥಿನ ನಡುವೆ ಕೆಲವೇ ವೋಲ್ಟ್ ಇರಬೇಕು. ಕಂಪ್ಯೂಟರಿನ ಪ್ಲಗ್ಗನ್ನು ಬಿಚ್ಚಿಸಿ, ಹಸಿರು ತಂತಿ ದಪ್ಪ ಪಿನ್ನಿಗೆ ನಿಜವಾಗಿ ಸೇರಿದೆಯೇ ನೋಡಿಸಿ. ಎರಡು ಪಿನ್ನಿನ ಪ್ಲಗ್ ಹಾಕಿ ಆ ತಂತಿಯನ್ನು ಕತ್ತರಿಸಿ ಬಿಟ್ಟಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ, ಕರೆಂಟು ಸೋರಿದೊಡನೆ ತಾನಾಗಿ ಕಡಿಯುವ ಆರ್‌ಸಿಸಿಬಿ ಇಲ್ಲದಿದ್ದರೆ ಇದೇ ಸಂದರ್ಭದಲ್ಲಿ ಹಾಕಿಸಿಕೊಳ್ಳಿ, ಹಾಕಿದ ಮೇಲೆ ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ನಿಮ್ಮೆದುರಿಗೇ ಒತ್ತಿಸಿ ಕರೆಂಟು ಕಡಿಯುತ್ತದೆಯೇ ನೋಡಿ.